ಹವಳದ ಟ್ಯಾಂಕಿನ ನೀರು: ಏನು ಅಳೆಯಬೇಕು, ಎಷ್ಟು ಹಾಕಬೇಕು

ಹವಳ ಸಾಕುವವರ ಮನೆಗೆ ಹೋದರೆ ಟ್ಯಾಂಕಿನ ಕೆಳಗಿನ ಕಪಾಟು ತೆಗೆದು ನೋಡಿ. ಬಾಟಲಿಗಳ ಸಾಲೇ ಇರುತ್ತದೆ. ಸ್ಟ್ರಾಂಷಿಯಂ, ಅಯೋಡಿನ್, ಪೊಟ್ಯಾಶಿಯಂ, ಅಮೈನೋ ಆಸಿಡ್, ಹವಳಕ್ಕೆ ಬಣ್ಣ ಬರಿಸೋದು ಅಂತ ಇನ್ನೊಂದು. ಎಲ್ಲಾ ಅರ್ಧರ್ಧ ಖಾಲಿ. ಇದನ್ನೆಲ್ಲ ಯಾಕೆ ಹಾಕ್ತೀರಿ ಅಂತ ಕೇಳಿದರೆ ಅಂಗಡಿಯವರು ಹೇಳಿದರು ಅನ್ನುವ ಉತ್ತರ ಬರುತ್ತದೆ. ಆ ಸಾಲಿನಲ್ಲಿ ಮುಕ್ಕಾಲು ಪಾಲು ಬೇಕಾಗಿಯೇ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಬೇಕಾಗಿರುವುದು ಆಲ್ಕಲಿನಿಟಿ (ಬಹುಮಟ್ಟಿಗೆ ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟಿನ ಅಳತೆ) ಅನ್ನುವ ಒಂದು ಅಂಕಿಯ ಮೇಲೆ ಕಣ್ಣು, ಗ್ರಾಂ ತೋರಿಸುವ ಒಂದು ತಕ್ಕಡಿ, ಅಡುಗೆ ಸೋಡ, ಕ್ಯಾಲ್ಸಿಯಂ ಕ್ಲೋರೈಡ್. ಉಳಿದದ್ದೆಲ್ಲ ಆಮೇಲೆ.

ನಾನಿರುವುದು ಕ್ಯಾಲಿಫೋರ್ನಿಯದ ಫ್ರೀಮಾಂಟಿನಲ್ಲಿ. 50 ಗ್ಯಾಲನ್ನಿನ ಟ್ಯಾಂಕು, ಕೆಳಗೊಂದು ಸಂಪ್, ಅಂದರೆ ಟ್ಯಾಂಕಿನ ನೀರು ಇಳಿದು ಬಂದು ಮತ್ತೆ ಮೇಲೆ ಹೋಗುವ ಚಿಕ್ಕ ತೊಟ್ಟಿ. ಕಲ್ಲು, ಮರಳು ಹಿಡಿಯುವ ಜಾಗ ಕಳೆದರೆ ನಿಜವಾಗಿ ಇರುವ ನೀರು ಸುಮಾರು 200 ಲೀಟರ್. ಕೆಳಗಿನ ಲೆಕ್ಕವೆಲ್ಲ ಈ 200 ಲೀಟರಿಗೆ. ನಿಮ್ಮದು 400 ಆದರೆ ದುಪ್ಪಟ್ಟು ಮಾಡಿಕೊಳ್ಳಿ, 100 ಆದರೆ ಅರ್ಧ. ಟ್ಯಾಂಕಿನ ಡಬ್ಬದ ಮೇಲೆ ಬರೆದಿರುವ ಗ್ಯಾಲನ್ ನಂಬಬೇಡಿ. ಮೊದಲ ಸಲ ತುಂಬುವಾಗ ಎಷ್ಟು ಬಕೆಟ್ ಹೋಯಿತು ಅಂತ ಎಣಿಸಿ ಬರೆದಿಟ್ಟುಕೊಂಡರೆ ಮುಂದೆ ಪ್ರತಿ ಲೆಕ್ಕಕ್ಕೂ ಅದೇ ಆಧಾರ.

ಊರಿನ ಗೆಳೆಯರು ಓದುತ್ತಿದ್ದರೆ ಒಂದು ಮಾತು. ಭಾರತದಲ್ಲಿ ದಿಬ್ಬ ಕಟ್ಟುವ ಕಲ್ಲು ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ. ಬೆಂಗಳೂರಿನಲ್ಲಿ ಯಾರಾದರೂ ಸದ್ದಿಲ್ಲದೆ ಮಾರಲು ಬಂದರೆ ಕೊಳ್ಳಬೇಡಿ. ಹವಳ ನೋಡಬೇಕು ಅನಿಸಿದರೆ ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಹೋಗಿ, ನೀರಿಗಿಳಿದೇ ನೋಡಿ. ಇಲ್ಲಿ ಅಮೆರಿಕದ ಅಂಗಡಿಯಲ್ಲಿ ಸಿಗುವುದರಲ್ಲಿ ಬಹಳಷ್ಟು ಟ್ಯಾಂಕಿನಲ್ಲೇ ಬೆಳೆಸಿ ತುಂಡು ಮಾಡಿದ ಹವಳ. ನಾನು ಕೊಳ್ಳುವುದು ಅಂಥದ್ದನ್ನೇ.

ಮೊದಲು ನೀರು, ಆಮೇಲೆ ಉಪ್ಪು

ನಲ್ಲಿ ನೀರನ್ನು ನೇರ ಹಾಕುವ ಹಾಗಿಲ್ಲ. ನಮ್ಮ ಕಡೆ ನಲ್ಲಿ ನೀರಿಗೆ ಕ್ಲೋರಮಿನ್ ಬೆರೆಸುತ್ತಾರೆ. ಬರೀ ಕ್ಲೋರಿನ್ ಆದರೆ ಬಕೆಟಿನಲ್ಲಿ ಒಂದು ದಿನ ಇಟ್ಟರೆ ಹಾರಿಹೋಗುತ್ತದೆ. ಕ್ಲೋರಮಿನ್ ಹಾಗೆ ಸುಲಭಕ್ಕೆ ಹೋಗುವುದಿಲ್ಲ. ಅದಕ್ಕೆ ಒಳ್ಳೆಯ ಕಾರ್ಬನ್ ಫಿಲ್ಟರ್, ಆಮೇಲೆ ಆರ್‌ಓ, ಕೊನೆಗೆ ಉಳಿದ ಅಯಾನುಗಳನ್ನು ಹಿಡಿಯುವ ಡಿಐ ರೆಸಿನ್, ಹೀಗೆ ಮೂರೂ ಬೇಕು. ಕಾರ್ಬನ್ ಕ್ಲೋರಮಿನ್ ಅನ್ನು ಒಡೆದಾಗ ಅಮೋನಿಯ ಉಳಿಯುತ್ತದೆ. ಆರ್‌ಓ ದಾಟಿ ಬಂದ ಅಮೋನಿಯವನ್ನು ಹಿಡಿಯುವುದು ಡಿಐ. ಅಡುಗೆಮನೆಯ ಕುಡಿಯುವ ನೀರಿನ ಆರ್‌ಓ ಸಾಕಲ್ವಾ ಅಂತ ಕೇಳುತ್ತಾರೆ. ಸಾಲದು. ಅದರಲ್ಲಿ ಡಿಐ ಇರುವುದಿಲ್ಲ. ಕೆಲವು ಯಂತ್ರಗಳಂತೂ ರುಚಿಗೆ ಅಂತ ಖನಿಜ ವಾಪಸ್ ಸೇರಿಸುತ್ತವೆ.

ಕೊನೆಯಲ್ಲಿ ಬರುವ ನೀರಿನ ಟಿಡಿಎಸ್, ಅಂದರೆ ಕರಗಿರುವ ಲವಣಗಳ ಒಟ್ಟು ಅಳತೆ, 0 ಇರಬೇಕು. ಮೀಟರ್ 1, 2 ತೋರಿಸಲು ಶುರುವಾದರೆ ರೆಸಿನ್ ಬದಲಾಯಿಸುವ ಹೊತ್ತು ಬಂತು. ಆದರೆ ಟಿಡಿಎಸ್ ಮೀಟರಿಗೆ ಕ್ಲೋರಮಿನ್ ಕಾಣಿಸುವುದಿಲ್ಲ. ಮೀಟರ್ 0 ಅಂದರೂ ಕಾರ್ಬನ್ ಹಳತಾಗಿರಬಹುದು. ಆದ್ದರಿಂದ ಕಾರ್ಬನ್ನನ್ನು ತಯಾರಕರು ಹೇಳಿದ ಲೆಕ್ಕಕ್ಕೆ ಸರಿಯಾಗಿ ಬದಲಾಯಿಸಿ, ಮೀಟರ್ ಹೇಳಲಿ ಅಂತ ಕಾಯಬೇಡಿ.

ಉಪ್ಪಿನಂಶ 35 ಪಿಪಿಟಿ, ಅಂದರೆ ಸಾವಿರದಲ್ಲಿ 35 ಪಾಲು, ಇರಬೇಕು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ಪೆಸಿಫಿಕ್ ಗ್ರಾವಿಟಿ (ಶುದ್ಧ ನೀರಿಗೆ ಹೋಲಿಸಿದ ಸಾಂದ್ರತೆ) ಲೆಕ್ಕದಲ್ಲಿ 1.026. ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್ ಸರಿಯಿದೆಯಾ ಅಂತ ನೋಡಲು ಶುದ್ಧ ನೀರು ಹಾಕಿ 0ಗೆ ತರುವುದು ಸಾಮಾನ್ಯ ಅಭ್ಯಾಸ. ಅದು ಸಾಲದು. 35 ಪಿಪಿಟಿಯ ಕ್ಯಾಲಿಬ್ರೇಷನ್ ದ್ರವ ಸಿಗುತ್ತದೆ, ಅದನ್ನು ಹಾಕಿ ಸರಿಮಾಡಿ. ನಾವು ಅಳೆಯುವುದು 35ರ ಹತ್ತಿರ, 0ಯ ಹತ್ತಿರ ಅಲ್ಲ ತಾನೇ. ಉಪ್ಪಿನಂಶ ತಪ್ಪಿದ್ದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲಾ ಅದರ ಜೊತೆಗೇ ತಪ್ಪುತ್ತವೆ. ಕ್ಯಾಲ್ಸಿಯಂ ಕಡಿಮೆ ಬಂತು ಅಂತ ಪುಡಿ ಹಾಕಲು ಓಡುವ ಮುಂಚೆ ಉಪ್ಪಿನಂಶ ನೋಡಿ.

ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. 200 ಲೀಟರಿನಲ್ಲಿ 4 ಲೀಟರ್ ಆವಿಯಾದರೆ 35 ಇದ್ದದ್ದು 35.7 ಆಗುತ್ತದೆ. ಹಾಗಾಗಿ ದಿನವೂ ತುಂಬಿಸಬೇಕಾದದ್ದು ಸಿಹಿನೀರು, ಉಪ್ಪುನೀರಲ್ಲ. ಕೈಯಲ್ಲಿ ಸುರಿಯುವುದಕ್ಕಿಂತ ಮಟ್ಟ ನೋಡಿಕೊಂಡು ತಾನೇ ತುಂಬಿಸುವ ಆಟೋ ಟಾಪ್ ಆಫ್ ಒಂದನ್ನು ಕೊಳ್ಳಿ. ಇರುವ ದುಡ್ಡಿನಲ್ಲಿ ಒಂದೇ ಯಂತ್ರ ಕೊಳ್ಳುವುದಾದರೆ ನಾನು ಇದನ್ನೇ ಹೇಳುವುದು. ತಾಪಮಾನ 25ರಿಂದ 26ರ ಒಳಗೆ ನಿಂತರೆ ಸಾಕು, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಆಲ್ಕಲಿನಿಟಿಯ ಮೇಲೇ ಯಾಕೆ ಕಣ್ಣು

ಕಲ್ಲು ಹವಳ ತನ್ನ ಅಸ್ಥಿ ಕಟ್ಟುವುದು ಕ್ಯಾಲ್ಸಿಯಂ ಕಾರ್ಬೊನೇಟಿನಿಂದ. ಕ್ಯಾಲ್ಸಿಯಂ ನೀರಿನಿಂದ ಬರುತ್ತದೆ. ಕಾರ್ಬೊನೇಟಿನ ಪಾಲು ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟಿನಿಂದ ಬರುತ್ತದೆ. ಆಲ್ಕಲಿನಿಟಿ ಕಿಟ್ ಅಳೆಯುವುದು ಬಹುಮಟ್ಟಿಗೆ ಈ ಎರಡನೆಯದನ್ನು. ಸಮುದ್ರದಲ್ಲಿ ಅದು 7 ಡಿಕೆಎಚ್ (ಆಲ್ಕಲಿನಿಟಿ ಅಳೆಯುವ ಮಾನ) ಆಸುಪಾಸು, ಕ್ಯಾಲ್ಸಿಯಂ 410ರಿಂದ 420 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಪಾಲು), ಮೆಗ್ನೀಸಿಯಂ 1280ರಿಂದ 1300. ಟ್ಯಾಂಕಿನಲ್ಲಿ ನಾನು ಇಟ್ಟುಕೊಳ್ಳುವುದು 8.5, 420, 1350.

ಈ ಎರಡೂ ಖರ್ಚಾಗುವ ರೀತಿ ನೋಡಿ. ಆಲ್ಕಲಿನಿಟಿ 2.8 ಡಿಕೆಎಚ್ ಇಳಿಯುವಷ್ಟು ಹವಳ ಬೆಳೆದರೆ ಕ್ಯಾಲ್ಸಿಯಂ ಇಳಿಯುವುದು ಬರೀ 20 ಪಿಪಿಎಂ. ಅಂದರೆ ಆಲ್ಕಲಿನಿಟಿಯ ಮೂರನೇ ಒಂದು ಭಾಗ ಖಾಲಿಯಾಗಿರುತ್ತದೆ, ಕ್ಯಾಲ್ಸಿಯಂ 420ರಿಂದ 400ಕ್ಕೆ ಬಂದಿರುತ್ತದೆ ಅಷ್ಟೇ. ಕ್ಯಾಲ್ಸಿಯಂ ಕಿಟ್ಟಿನಲ್ಲಿ ಒಂದೆರಡು ಹನಿ ಆಚೀಚೆಯಾದರೂ ಅಷ್ಟು ವ್ಯತ್ಯಾಸ ಬರುತ್ತದೆ. ಕ್ಯಾಲ್ಸಿಯಂ ಬ್ಯಾಂಕಿನಲ್ಲಿಟ್ಟ ಠೇವಣಿ, ಆಲ್ಕಲಿನಿಟಿ ಜೇಬಿನ ಚಿಲ್ಲರೆ. ದಿನದ ಖರ್ಚು ಗೊತ್ತಾಗುವುದು ಜೇಬು ನೋಡಿದರೆ.

ಇನ್ನೊಂದು ವಿಷಯ. 8 ಒಳ್ಳೆಯದಾ, 9 ಒಳ್ಳೆಯದಾ ಅಂತ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ. ನನಗೆ ಅದು ಸುಮ್ನೆ ಹೊತ್ತು ಕಳೆಯುವ ಮಾತು ಅನಿಸುತ್ತದೆ. 7.5ರಿಂದ 9.5ರ ನಡುವೆ ಎಲ್ಲಿಟ್ಟರೂ ಹವಳ ಬದುಕುತ್ತದೆ. ಸೋಮವಾರ 7.5, ಗುರುವಾರ 9.5 ಆದರೆ ತೊಂದರೆ ಪಡುತ್ತದೆ. ಮೊದಲು ಗೊತ್ತಾಗುವುದು ಅಕ್ರೊಪೋರ ಅನ್ನುವ ಕಲ್ಲು ಹವಳಗಳಲ್ಲಿ. ಕೊಂಬೆಯ ತುದಿಯ ಚರ್ಮ ಸುಟ್ಟ ಹಾಗೆ ಹೋಗಿ ಬಿಳಿ ಅಸ್ಥಿ ಕಾಣುತ್ತದೆ. ಪೋಷಕಾಂಶ ತೀರಾ ಕಡಿಮೆ ಇರುವ ನೀರಿನಲ್ಲಿ ಆಲ್ಕಲಿನಿಟಿ 10, 11ಕ್ಕೆ ಏರಿದಾಗ ಇದು ಜಾಸ್ತಿ. ಲೆದರ್, ಜೊವಾಂಥಿಡ್ ಥರದ ಮೆತ್ತನೆಯ ಹವಳಗಳು ಇಷ್ಟು ಸೂಕ್ಷ್ಮ ಅಲ್ಲ. ಅವಕ್ಕೆ ಕಲ್ಲಿನ ಅಸ್ಥಿಯೂ ಇಲ್ಲ. ಬರೀ ಮೆತ್ತನೆಯವೇ ಇದ್ದರೆ ವಾರಕ್ಕೊಮ್ಮೆ ನೀರು ಬದಲಾಯಿಸಿದರೆ ಸಾಕು, ಮುಂದಿನ ಸೋಡದ ಭಾಗ ಬಿಟ್ಟು ಓದಿ.

ಅಳೆಯುವುದು

ಆಲ್ಕಲಿನಿಟಿ ಅಳೆಯಲು ನಾನು ಬಳಸುವುದು ಸ್ಯಾಲಿಫರ್ಟ್ ಕಂಪನಿಯ ಕಿಟ್. ಟ್ಯಾಂಕಿನ ನೀರನ್ನು ಚಿಕ್ಕ ಗಾಜಿನ ಬಾಟಲಿಗೆ ಅಳತೆ ಮಾಡಿ ಹಾಕಬೇಕು, ಬಣ್ಣದ ಹನಿ ಬಿಡಬೇಕು, ಆಮೇಲೆ ಸಣ್ಣ ಸಿರಿಂಜಿನಿಂದ ಆಸಿಡ್ ದ್ರವವನ್ನು ಹನಿಹನಿಯಾಗಿ ಬಿಡುತ್ತಾ ಅಲ್ಲಾಡಿಸುತ್ತಿರಬೇಕು. ನೀಲಿ ಬಣ್ಣ ಕಿತ್ತಳೆಗೆಂಪಿಗೆ ತಿರುಗಿದಾಗ ನಿಲ್ಲಿಸಿ. ಸಿರಿಂಜಿನ ತುದಿಗೆ ಪ್ಲಾಸ್ಟಿಕ್ ಮೂತಿ ಸಿಕ್ಕಿಸಿ ದ್ರವ ಎಳೆದಾಗ ಪಿಸ್ಟನ್ನಿನ ಕೆಳಗೆ ಸ್ವಲ್ಪ ಗಾಳಿ ನಿಲ್ಲುತ್ತದೆ. ಅದನ್ನು ನೋಡಿ ಬಹಳ ಜನ ಗಾಬರಿಯಾಗಿ ಮತ್ತೆ ಮತ್ತೆ ಎಳೆಯುತ್ತಾರೆ. ಆ ಗಾಳಿ ಮೂತಿಯೊಳಗಿದ್ದದ್ದೇ, ಇರಲಿ ಬಿಡಿ. ಓದಬೇಕಾದದ್ದು ದ್ರವದ ಮಟ್ಟವನ್ನಲ್ಲ, ಕಪ್ಪು ಪಿಸ್ಟನ್ನಿನ ಕೆಳಗಿನ ಅಂಚನ್ನು. ಬಣ್ಣ ತಿರುಗುವ ಹತ್ತಿರ ಬಂದಾಗ ಒಂದೊಂದು ಹನಿ ಬಿದ್ದ ಜಾಗದಲ್ಲಿ ಕೆಂಪು ಎಳೆ ಕಾಣಿಸಿ ಮಾಯವಾಗುತ್ತದೆ. ಅಲ್ಲಿಂದ ಮುಂದೆ ಅವಸರ ಮಾಡಬೇಡಿ. ಬಾಟಲಿಯ ಹಿಂದೆ ಬಿಳಿ ಕಾಗದ ಹಿಡಿಯಿರಿ. ಟ್ಯಾಂಕಿನ ನೀಲಿ ದೀಪದ ಬೆಳಕಿನಲ್ಲಂತೂ ಈ ಕೆಲಸ ಮಾಡಲೇಬೇಡಿ, ಅಡುಗೆಮನೆಯ ಬೆಳಕಿಗೆ ಬನ್ನಿ.

ಬಣ್ಣ ನೋಡುವುದು ಕಷ್ಟ ಅನ್ನುವವರಿಗೆ ಹನ್ನಾ ಕಂಪನಿಯ ಚೆಕರ್ ಅನ್ನುವ ಚಿಕ್ಕ ಯಂತ್ರ ಇದೆ, ಅಂಕಿಯನ್ನೇ ತೋರಿಸುತ್ತದೆ. 10 ಎಂಎಲ್ ನೀರು, 1 ಎಂಎಲ್ ರಾಸಾಯನಿಕ. ಗಾಜಿನ ಮೇಲೆ ಬೆರಳಿನ ಗುರುತು ಇದ್ದರೆ ಲೆಕ್ಕ ತಪ್ಪುತ್ತದೆ, ಒರೆಸಿ ಇಡಿ.

ಯಾವ ಕಿಟ್ ಆದರೂ ಸರಿ, ಅದನ್ನೇ ಬಳಸಿ, ಅದೇ ಹೊತ್ತಿಗೆ ಬಳಸಿ. ನಾನು ರಾತ್ರಿ ಊಟದ ಮುಂಚೆ ಅಳೆಯುತ್ತೇನೆ. ಬೆಳಿಗ್ಗೆ ಒಂದು ದಿನ, ರಾತ್ರಿ ಒಂದು ದಿನ ಅಳೆದರೆ ಟ್ಯಾಂಕಿನ ಖರ್ಚು ಯಾವುದು, ಹೊತ್ತಿನ ಏರಿಳಿತ ಯಾವುದು ಅಂತ ಗೊತ್ತಾಗುವುದಿಲ್ಲ. ಫೋನಿನಲ್ಲಿ ಆಪ್ ಇದೆ ನಿಜ. ನನಗೆ ಸಂಪ್ ಪಕ್ಕ ನೇತುಹಾಕಿದ ಪುಸ್ತಕವೇ ಅನುಕೂಲ, ಒದ್ದೆ ಕೈಯಲ್ಲೂ ಬರೆಯಬಹುದು.

ಸೋಡ ಬೇಯಿಸುವುದು

ಅಂಗಡಿಯಲ್ಲಿ ಟೂ ಪಾರ್ಟ್ ಅಂತ ಎರಡು ಬಾಟಲಿಯ ಜೋಡಿ ಸಿಗುತ್ತದೆ. ಒಂದರಲ್ಲಿ ಆಲ್ಕಲಿನಿಟಿ, ಇನ್ನೊಂದರಲ್ಲಿ ಕ್ಯಾಲ್ಸಿಯಂ. ತೆಗೆದುಕೊಳ್ಳಿ, ತಪ್ಪೇನಿಲ್ಲ. ಆದರೆ ಒಳಗಿರುವುದು ಬಹುಮಟ್ಟಿಗೆ ನೀವು ಮನೆಯಲ್ಲೇ ಮಾಡಿಕೊಳ್ಳಬಹುದಾದದ್ದು. ರ್‍ಯಾಂಡಿ ಹೋಮ್ಸ್-ಫಾರ್ಲಿ ಅನ್ನುವ ಅಮೆರಿಕದ ರಸಾಯನಶಾಸ್ತ್ರಜ್ಞರು ಅಡುಗೆ ಸೋಡದಿಂದ ಇದನ್ನು ಮಾಡುವ ಬಗೆಯನ್ನು ಹಿಂದೆಯೇ ಬರೆದುಕೊಟ್ಟಿದ್ದಾರೆ. ಇಲ್ಲಿನ ಹವಳದವರಲ್ಲಿ ಅದನ್ನು ಮಾಡುವವರು ಬಹಳ ಜನ. ಕೆಳಗಿರುವುದು ಅದೇ ತತ್ವ, ಅಳತೆ ಮಾತ್ರ ನಾನು ಒಂದು ಲೀಟರಿಗೆ ಹೊಂದಿಸಿಕೊಂಡದ್ದು.

ಅಡುಗೆ ಸೋಡ ತನ್ನಿ. ಬೇಕಿಂಗ್ ಪೌಡರ್ ಅಲ್ಲ, ಬೇಕಿಂಗ್ ಸೋಡ. ಪೌಡರಿನಲ್ಲಿ ಹಿಟ್ಟು, ಆಸಿಡ್ ಎಲ್ಲಾ ಸೇರಿರುತ್ತವೆ. 158 ಗ್ರಾಂ ತೂಗಿ, ಅಗಲವಾದ ಸ್ಟೀಲ್ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಓವನ್ನಿನಲ್ಲಿ 150 ಡಿಗ್ರಿ ಸೆಲ್ಸಿಯಸ್ಸಿಗೆ, ಅಂದರೆ ಇಲ್ಲಿನ ಓವನ್ನಿನ 300 ಡಿಗ್ರಿ ಫ್ಯಾರನ್‌ಹೀಟಿಗೆ, ಒಂದು ಗಂಟೆ ಇಡಿ. ಬಣ್ಣ ಬದಲಾಗುವುದಿಲ್ಲ. ವಾಸನೆಯೂ ಇಲ್ಲ. ನೋಡಿದರೆ ಏನೂ ಆಗಿಲ್ಲ ಅನಿಸುತ್ತದೆ. ಆಗಿದೆಯೋ ಇಲ್ಲವೋ ಅಂತ ಹೇಳುವುದು ತಕ್ಕಡಿ. ಸೋಡದೊಳಗಿನ ನೀರೂ ಕಾರ್ಬನ್ ಡೈಆಕ್ಸೈಡೂ ಹೋಗಿ ಸೋಡ ಆಶ್ ಉಳಿದಾಗ 158 ಗ್ರಾಂ ಇದ್ದದ್ದು 100 ಗ್ರಾಂ ಆಗಿರಬೇಕು. 115 ಬಂದರೆ ಪುಡಿಯನ್ನು ಕದಡಿ ಇನ್ನೊಂದಿಷ್ಟು ಹೊತ್ತು ಇಡಿ. ಆರಿದ ಮೇಲೆ ಆರ್‌ಓ ನೀರಿನಲ್ಲಿ ಕರಗಿಸಿ, ಒಟ್ಟು ಒಂದು ಲೀಟರ್ ಮಾಡಿ. ನೀರಿಗೆ ಪುಡಿಯನ್ನು ಸ್ವಲ್ಪ ಸ್ವಲ್ಪ ಹಾಕುತ್ತಾ ಕದಡಿ. ಎಲ್ಲಾ ಒಟ್ಟಿಗೆ ಸುರಿದರೆ ತಳದಲ್ಲಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಕರಗಿಸುವಾಗ ಕೈಗೆ, ಕಣ್ಣಿಗೆ ತಾಗಿಸಿಕೊಳ್ಳಬೇಡಿ. ಸೋಡ ಆಶ್ ಅಡುಗೆ ಸೋಡದಷ್ಟು ಸೌಮ್ಯ ಅಲ್ಲ.

ಇನ್ನೊಂದು ಬಾಟಲಿಗೆ ಕ್ಯಾಲ್ಸಿಯಂ ಕ್ಲೋರೈಡ್. ಆಹಾರ ದರ್ಜೆಯದು ತೆಗೆದುಕೊಳ್ಳಿ, ಚೀಸ್ ಮಾಡುವವರ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಡೈಹೈಡ್ರೇಟ್ ಅಂತ ಬರೆದಿದ್ದರೆ 140 ಗ್ರಾಂ, ಅನ್‌ಹೈಡ್ರಸ್ ಅಂತಿದ್ದರೆ 106 ಗ್ರಾಂ. ಇದನ್ನೂ ಒಟ್ಟು ಒಂದು ಲೀಟರ್ ಮಾಡಿ. ನೀರಿಗೆ ಬಿದ್ದ ಕೂಡಲೇ ಕಾವು ಏರುತ್ತದೆ, ಪಾತ್ರೆ ಮುಟ್ಟಿದರೆ ಗೊತ್ತಾಗುತ್ತದೆ. ಗಾಜಿನ ಬಾಟಲಿ ಬೇಡ. ಡಬ್ಬದ ಮುಚ್ಚಳ ತೆರೆದಿಟ್ಟರೆ ಈ ಉಪ್ಪು ಗಾಳಿಯ ತೇವ ಎಳೆದುಕೊಂಡು ನೀರಾಗುತ್ತದೆ, ಆಮೇಲೆ ತೂಕಕ್ಕೆ ಅರ್ಥವಿಲ್ಲ.

ಈ ಅಳತೆಯಲ್ಲಿ ಎರಡೂ ಬಾಟಲಿಗಳು ಸಮಸಮ. ಸೋಡ ಬಾಟಲಿಯ 38 ಎಂಎಲ್ 200 ಲೀಟರಿನ ಆಲ್ಕಲಿನಿಟಿಯನ್ನು 1 ಡಿಕೆಎಚ್ ಏರಿಸುತ್ತದೆ. ಕ್ಯಾಲ್ಸಿಯಂ ಬಾಟಲಿಯ 38 ಎಂಎಲ್ ಅದಕ್ಕೆ ಜೋಡಿಯಾದ 7 ಪಿಪಿಎಂ ಕ್ಯಾಲ್ಸಿಯಂ ಕೊಡುತ್ತದೆ. ಒಂದರಲ್ಲಿ ಎಷ್ಟು ಹಾಕಿದಿರೋ ಇನ್ನೊಂದರಲ್ಲೂ ಅಷ್ಟೇ ಹಾಕಿ.

ದಿನಕ್ಕೆ ಎಷ್ಟು ಬೇಕು? ಅದನ್ನು ಟ್ಯಾಂಕೇ ಹೇಳಬೇಕು. ಮೊದಲು ಆಲ್ಕಲಿನಿಟಿಯನ್ನು 8.5 ಆಸುಪಾಸಿಗೆ ತಂದುಕೊಳ್ಳಿ. ಆಮೇಲೆ ಮೂರು ದಿನ ಏನೂ ಹಾಕದೆ, ನೀರೂ ಬದಲಾಯಿಸದೆ ಅದೇ ಹೊತ್ತಿಗೆ ಅಳೆಯಿರಿ. 8.6, 8.1, 7.6 ಬಂದರೆ ದಿನಕ್ಕೆ ಅರ್ಧ ಡಿಕೆಎಚ್ ಖರ್ಚು. ಅಂದರೆ ದಿನಕ್ಕೆ 19 ಎಂಎಲ್ ಸೋಡ, 19 ಎಂಎಲ್ ಕ್ಯಾಲ್ಸಿಯಂ. ಹೊಸ ಹವಳ ತಂದಾಗ, ಇದ್ದದ್ದು ಬೆಳೆದಾಗ ಖರ್ಚು ಏರುತ್ತದೆ. ಚೆನ್ನಾಗಿ ಬೆಳೆಯುತ್ತಿದ್ದ ಟ್ಯಾಂಕಿನಲ್ಲಿ ಖರ್ಚು ಇದ್ದಕ್ಕಿದ್ದಂತೆ ಇಳಿದರೆ ಖುಷಿಪಡಬೇಡಿ. ಹವಳ ಬೆಳೆಯುವುದನ್ನು ನಿಲ್ಲಿಸಿದೆ, ಏನೋ ಸರಿಯಿಲ್ಲ ಅಂತ ಅರ್ಥ. ಕಣ್ಣಿಗೆ ಬಣ್ಣ ಬಾಡಿದ್ದು ಕಾಣುವ ಮುಂಚೆಯೇ ಎಷ್ಟೋ ಸಲ ಈ ಪುಸ್ತಕದಲ್ಲಿ ಕಾಣುತ್ತದೆ.

ಎರಡನ್ನೂ ಒಟ್ಟಿಗೆ ಸುರಿಯಬೇಡಿ. ಎರಡು ಬಾಟಲಿಯ ನೀರನ್ನು ಒಂದು ಲೋಟದಲ್ಲಿ ಬೆರೆಸಿ ನೋಡಿ, ಕ್ಷಣದಲ್ಲಿ ಬೆಳ್ಳಗಾಗುತ್ತದೆ. ಹವಳ ಕಟ್ಟಬೇಕಾದ ಕಾರ್ಬೊನೇಟು ಲೋಟದಲ್ಲೇ ಸುಣ್ಣದ ಕಲ್ಲಾಗಿ ಕೂತಿತು. ಸೋಡವನ್ನು ಒಂದು ಹೊತ್ತು, ಕ್ಯಾಲ್ಸಿಯಂ ಅನ್ನು ಒಂದೆರಡು ಗಂಟೆ ಬಿಟ್ಟು ಇನ್ನೊಂದು ಹೊತ್ತು, ಎರಡನ್ನೂ ಸಂಪಿನಲ್ಲಿ ನೀರು ಜೋರಾಗಿ ಹರಿಯುವ ಜಾಗಕ್ಕೆ, ನಿಧಾನಕ್ಕೆ ಬಿಡಿ. ಅಳತೆ ಮಾಡಿ ದ್ರವ ಬಿಡುವ ಡೋಸಿಂಗ್ ಪಂಪ್ ಇದ್ದರೆ ದಿನದ ಪಾಲನ್ನು ಹಲವು ತುಂಡು ಮಾಡಿ ಹಾಕಿಸಬಹುದು. ಇಳಿದುಹೋದ ಆಲ್ಕಲಿನಿಟಿಯನ್ನು ಮೇಲೆತ್ತುವಾಗ ದಿನಕ್ಕೆ 1 ಡಿಕೆಎಚ್ ದಾಟಬೇಡಿ. ನಾನು ಅರ್ಧಕ್ಕೇ ನಿಲ್ಲಿಸುತ್ತೇನೆ.

ಈ ಜೋಡಿ ಹಾಕಿದಾಗ ಕೊನೆಗೆ ನೀರಿನಲ್ಲಿ ಉಳಿಯುವುದು ಸೋಡಿಯಂ ಮತ್ತು ಕ್ಲೋರೈಡ್, ಅಂದರೆ ಅಡುಗೆ ಉಪ್ಪು. ತಿಂಗಳುಗಳು ಕಳೆದಂತೆ ಉಪ್ಪಿನಂಶ ಮೆಲ್ಲಗೆ ಏರುತ್ತದೆ. ವಾರಕ್ಕೊಮ್ಮೆ ರಿಫ್ರ್ಯಾಕ್ಟೋಮೀಟರ್ ನೋಡಲು ಇದೂ ಒಂದು ಕಾರಣ.

ಸುಣ್ಣದ ತಿಳಿ

ಸೋಡ, ಕ್ಲೋರೈಡ್ ಎರಡೂ ಬೇಡ ಅನ್ನುವವರಿಗೆ ಇನ್ನೂ ಹಳೆಯ ದಾರಿ ಸುಣ್ಣದ ತಿಳಿನೀರು. ಹವಳದವರು ಇದನ್ನು ಕಾಲ್ಕ್‌ವಾಸರ್ ಅನ್ನುತ್ತಾರೆ. ಇಲ್ಲಿನ ದಿನಸಿ ಅಂಗಡಿಯಲ್ಲಿ ಉಪ್ಪಿನಕಾಯಿಗೆ ಅಂತ ಪಿಕ್ಲಿಂಗ್ ಲೈಮ್ ಮಾರುತ್ತಾರೆ, ಅದೇ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಎಲೆ ಅಡಿಕೆಗೆ ಹಚ್ಚುವ ಸುಣ್ಣವೂ ಮೂಲದಲ್ಲಿ ಅದೇ. ಆದರೆ ಇಂಡಿಯನ್ ಸ್ಟೋರಿನ ಆ ಡಬ್ಬಿ ತಂದು ಹಾಕಬೇಡಿ, ಅದರಲ್ಲಿ ಬೇರೆ ಏನೇನು ಸೇರಿಸಿದ್ದಾರೋ ಹೇಳಲು ಬರುವುದಿಲ್ಲ.

ಒಂದು ಲೀಟರ್ ಆರ್‌ಓ ನೀರಿನಲ್ಲಿ ಕರಗುವುದು ಒಂದೂವರೆ ಗ್ರಾಂ ಅಷ್ಟೇ. ಸ್ವಲ್ಪ ಜಾಸ್ತಿ ಹಾಕಿ ಕದಡಿ, ಮುಚ್ಚಿಡಿ. ಉಳಿದದ್ದು ತಳದಲ್ಲಿ ಕೂರುತ್ತದೆ, ಬೇಕಾದ್ದು ಮೇಲಿನ ತಿಳಿ. ತೆರೆದಿಟ್ಟರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ತಾಗಿ ಮೇಲೆ ಬಿಳಿ ಕೆನೆ ಕಟ್ಟುತ್ತದೆ, ಅಷ್ಟು ಸುಣ್ಣ ದಂಡ. ಈ ತಿಳಿಯನ್ನು ಆವಿಯಾದ ನೀರಿನ ಬದಲಿಗೆ ಹನಿಹನಿಯಾಗಿ ಬಿಡುವುದು. ಕ್ಯಾಲ್ಸಿಯಮ್ಮೂ ಆಲ್ಕಲಿನಿಟಿಯೂ ಸರಿಯಾದ ಜೋಡಿಯಲ್ಲೇ ಸೇರುತ್ತವೆ, ಉಪ್ಪು ಉಳಿಯುವುದಿಲ್ಲ, ಪಿಎಚ್ ಕೂಡ ಏರುತ್ತದೆ. ನಮ್ಮ 200 ಲೀಟರಿಗೆ ದಿನಕ್ಕೆ ಎರಡು ಲೀಟರ್ ತಿಳಿ ಹೋದರೆ ಸುಮಾರು 1.1 ಡಿಕೆಎಚ್ ಸಿಕ್ಕಿತು. ಅದಕ್ಕಿಂತ ಖರ್ಚು ಜಾಸ್ತಿ ಇರುವ ಟ್ಯಾಂಕಿಗೆ ಇದೊಂದೇ ಸಾಲದು, ಯಾಕೆಂದರೆ ಆವಿಯಾದಷ್ಟು ಮಾತ್ರ ಹಾಕಬಹುದು.

ತಿಳಿಯ ಪಿಎಚ್ 12ಕ್ಕಿಂತ ಮೇಲೆ. ಕಣ್ಣಿಗೆ ಹಾರಿದರೆ ಗಂಭೀರ, ಕನ್ನಡಕ ಹಾಕಿಕೊಳ್ಳಿ. ಟಾಪ್ ಆಫ್ ಯಂತ್ರದ ಫ್ಲೋಟ್ ಸಿಕ್ಕಿಹಾಕಿಕೊಂಡು ಇಡೀ ಡಬ್ಬದ ತಿಳಿ ಟ್ಯಾಂಕಿಗೆ ಇಳಿದರೆ ಬೆಳಗಾಗುವುದರೊಳಗೆ ನೀರು ಹಾಲಿನ ಬಣ್ಣ ಆಗಿರುತ್ತದೆ. ಅದಕ್ಕೇ ತಿಳಿ ಬಳಸುವವರು ಡಬ್ಬ ಚಿಕ್ಕದು ಇಡಬೇಕು, ಒಂದೆರಡು ದಿನಕ್ಕೆ ಆಗುವಷ್ಟು.

ಮೆಗ್ನೀಸಿಯಂ, ಪಿಎಚ್

ಮೆಗ್ನೀಸಿಯಂ ಖರ್ಚು ಬಹಳ ಕಡಿಮೆ, ತಿಂಗಳಿಗೊಮ್ಮೆ ನೋಡಿದರೆ ಸಾಕು. ಅದರ ಕೆಲಸ ತಡೆಯುವುದು. ಕ್ಯಾಲ್ಸಿಯಂ ಕಾರ್ಬೊನೇಟಿನ ಹರಳು ನೀರಿನಲ್ಲಿ ತಾನೇ ಬೆಳೆಯಲು ಹೊರಟರೆ ಮೆಗ್ನೀಸಿಯಂ ಅದರ ಮೇಲೆ ಕೂತು ನಿಲ್ಲಿಸುತ್ತದೆ. ಅದು ಇಳಿದರೆ ನೀವು ಹಾಕಿದ ಸೋಡ, ಕ್ಯಾಲ್ಸಿಯಂ ಹವಳಕ್ಕೆ ಹೋಗುವ ಬದಲು ಹೀಟರಿನ ಮೇಲೆ, ಪಂಪಿನೊಳಗೆ ಬಿಳಿ ಗಾರೆಯಾಗುತ್ತದೆ. ಎಷ್ಟು ಹಾಕಿದರೂ ಆಲ್ಕಲಿನಿಟಿ ನಿಲ್ಲುತ್ತಿಲ್ಲ, ಹೀಟರ್ ಬೆಳ್ಳಗಾಗಿದೆ ಅಂದರೆ ಮೊದಲು ಮೆಗ್ನೀಸಿಯಂ ಅಳೆಯಿರಿ. 1200 ಇದ್ದದ್ದನ್ನು 1300 ಮಾಡಲು 200 ಲೀಟರಿಗೆ ಮೆಗ್ನೀಸಿಯಂ ಕ್ಲೋರೈಡ್ ಹೆಕ್ಸಾಹೈಡ್ರೇಟ್ 167 ಗ್ರಾಂ ಬೇಕು. ನೀರಿನಲ್ಲಿ ಕರಗಿಸಿ ಮೂರು ನಾಲ್ಕು ದಿನಕ್ಕೆ ಹಂಚಿ ಹಾಕಿ. ಗಾರೆ ಹಿಡಿದ ಪಂಪನ್ನು ವಿನೆಗರಿನಲ್ಲಿ ನೆನೆಸಿದರೆ ಬಿಡುತ್ತದೆ.

ಪಿಎಚ್ ಬಗ್ಗೆ ತಲೆ ಕೆಡಿಸಿಕೊಳ್ಳುವವರು ಬಹಳ. 7.9 ಬಂತು, ಏನು ಹಾಕಲಿ ಅಂತ ಕೇಳುತ್ತಾರೆ. ಕಿಟಕಿ ತೆಗೆಯಿರಿ ಅನ್ನುತ್ತೇನೆ. ನಮ್ಮ ಮನೆಯಲ್ಲಿ ಗಣೇಶ ಹಬ್ಬದ ದಿನ ಮನೆ ತುಂಬ ಜನ, ಬೆಳಗಿನಿಂದ ಗ್ಯಾಸ್ ಒಲೆ ಉರಿಯುತ್ತಿರುತ್ತದೆ, ಕಡುಬು, ಚಕ್ಕುಲಿ ಅಂತ ಎಣ್ಣೆ ಬಾಣಲೆ ಇಳಿಯುವುದೇ ಇಲ್ಲ. ಸಂಜೆಗೆ ಪಿಎಚ್ 8.2ರಿಂದ 7.9ಕ್ಕೆ ಬಂದಿರುತ್ತದೆ. ಆಲ್ಕಲಿನಿಟಿ ಅಳೆದರೆ ಒಂಚೂರೂ ಬದಲಾಗಿರುವುದಿಲ್ಲ. ಮನೆಯೊಳಗಿನ ಕಾರ್ಬನ್ ಡೈಆಕ್ಸೈಡ್ ನೀರಿಗಿಳಿದಿದೆ ಅಷ್ಟೇ. ಚಳಿಗಾಲದಲ್ಲಿ ಕಿಟಕಿ ಮುಚ್ಚಿ ಹೀಟರ್ ಹಾಕಿದ ಮನೆಯಲ್ಲೂ ಇದೇ ಕಥೆ. ಗುಳ್ಳೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್ ಗಾಳಿ ಎಳೆಯುವ ಕೊಳವೆಯನ್ನು ಕಿಟಕಿಯಾಚೆಗೆ ಬಿಟ್ಟರೆ ಬಹುಪಾಲು ಸರಿಹೋಗುತ್ತದೆ. ಪಿಎಚ್ ಏರಿಸುವ ಬಾಟಲಿ ಹಾಕಿದರೆ ಅದು ಏರಿಸುವುದು ಆಲ್ಕಲಿನಿಟಿಯನ್ನು. ಸಮಸ್ಯೆ ಅಲ್ಲೇ ಇರುತ್ತದೆ, ಇನ್ನೊಂದು ಹೊಸದು ಬರುತ್ತದೆ.

ಬಾಟಲಿಗಳ ಸಾಲಿಗೆ ಬರೋಣ

ವಾರಕ್ಕೆ 10 ಪರ್ಸೆಂಟ್, ನಮ್ಮ ಲೆಕ್ಕಕ್ಕೆ 20 ಲೀಟರ್, ಒಳ್ಳೆಯ ಸಮುದ್ರ ಉಪ್ಪಿನ ಹೊಸ ನೀರು ಬದಲಾಯಿಸುತ್ತಿದ್ದರೆ ಸ್ಟ್ರಾಂಷಿಯಂ, ಪೊಟ್ಯಾಶಿಯಂ ಮುಂತಾದವು ಅದರಲ್ಲೇ ಬರುತ್ತವೆ. ಯಾವ ಉಪ್ಪು ಅನ್ನುವುದಕ್ಕಿಂತ, ಆ ಉಪ್ಪು ಕಲಸಿದ ನೀರಿನ ಆಲ್ಕಲಿನಿಟಿ ಎಷ್ಟು ಅಂತ ಒಮ್ಮೆ ಅಳೆಯುವುದು ಮುಖ್ಯ. ಕೆಲವು 8ರ ಹತ್ತಿರ ಬರುತ್ತವೆ, ಕೆಲವು 12. ಟ್ಯಾಂಕ್ 8ರಲ್ಲಿದ್ದು ಹೊಸ ನೀರು 12 ಇದ್ದರೆ, 10 ಪರ್ಸೆಂಟ್ ಬದಲಾಯಿಸಿದಾಗ 0.4 ಏರುತ್ತದೆ, ಪರವಾಗಿಲ್ಲ. ಮೂರನೇ ಒಂದು ಭಾಗ ಒಮ್ಮೆಗೇ ಬದಲಾಯಿಸಿದರೆ 1.3 ಏರುತ್ತದೆ. ಅದು ಬೇಡ.

ಅಯೋಡಿನ್ ವಿಷಯ ಕೇಳಿ. ಸಮುದ್ರದಲ್ಲಿ ಇರುವುದೇ 0.06 ಪಿಪಿಎಂ. 5 ಪರ್ಸೆಂಟ್ ಲ್ಯುಗೋಲ್ ಅನ್ನುವ ಅಯೋಡಿನ್ ದ್ರಾವಣದ ಒಂದೇ ಒಂದು ಹನಿ 200 ಲೀಟರಿಗೆ ಬಿದ್ದರೆ ಅದರ ಅರ್ಧದಷ್ಟು ಒಂದೇ ಏಟಿಗೆ ಸೇರಿತು. ದಿನಾ ಎರಡು ಹನಿ ಅಂತ ಹಾಕುವವರಿದ್ದಾರೆ! ಅಳೆಯಲಾಗದ್ದನ್ನು ಹಾಕಬೇಡಿ ಅನ್ನುವುದಷ್ಟೇ ನನ್ನ ನಿಯಮ. ಇವನ್ನೆಲ್ಲ ಮನೆಯ ಕಿಟ್ಟಿನಲ್ಲಿ ಸರಿಯಾಗಿ ಅಳೆಯುವುದು ಕಷ್ಟ. ವರ್ಷಕ್ಕೆ ಎರಡು ಸಲ ಸಣ್ಣ ಬಾಟಲಿಯಲ್ಲಿ ನೀರನ್ನು ಐಸಿಪಿ ಪರೀಕ್ಷೆಗೆ, ಅಂದರೆ ನೀರಿನಲ್ಲಿರುವ ಧಾತುಗಳನ್ನು ಅಳೆಯುವ ಲ್ಯಾಬಿಗೆ, ಅಂಚೆಯಲ್ಲಿ ಕಳಿಸಿ. ಯಾವುದು ನಿಜವಾಗಿ ಕಡಿಮೆ ಅಂತ ಪಟ್ಟಿ ಬರುತ್ತದೆ, ಅದನ್ನು ಮಾತ್ರ ಹಾಕಿ. ತಾಮ್ರದಂಥದ್ದು ಎಲ್ಲಿಂದಲೋ ಸೇರುತ್ತಿದ್ದರೆ ಅದೂ ಅಲ್ಲೇ ಗೊತ್ತಾಗುತ್ತದೆ.

ಇನ್ನು ಪೋಷಕಾಂಶ. ನೈಟ್ರೇಟ್ 5ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇರಲಿ. ಎರಡನ್ನೂ 0 ಮಾಡಲು ಹೋಗಬೇಡಿ. ಹವಳ ಬಿಳಿಚಿಕೊಳ್ಳುತ್ತದೆ, ಮರಳಿನ ಮೇಲೆ ಗುಳ್ಳೆ ಸಿಕ್ಕಿದ ಕಂದು ಲೋಳೆ ಎಳೆಯೆಳೆಯಾಗಿ ಬರುತ್ತದೆ. ಅದು ಡೈನೊಫ್ಲಾಜೆಲೇಟ್ ಅನ್ನುವ ಸೂಕ್ಷ್ಮಜೀವಿ, ಬಂದರೆ ಹೋಗಿಸುವುದು ಬಹಳ ಕಷ್ಟ. ಫಾಸ್ಫೇಟ್ ಜಾಸ್ತಿ ಇದ್ದರೆ ಮೊದಲು ಮೀನಿನ ಊಟ ನೋಡಿ, ಆಮೇಲೆ ಫಾಸ್ಫೇಟ್ ಹೀರುವ ಕಬ್ಬಿಣದ ಹರಳಿನ ಜಿಎಫ್‌ಓ ಸ್ವಲ್ಪವೇ ಹಾಕಿ, ನಿಧಾನಕ್ಕೆ ಇಳಿಸಿ. ಹನ್ನಾ ಚೆಕರಿನಲ್ಲಿ ಫಾಸ್ಫರಸ್ಸನ್ನು ಪಿಪಿಬಿಯಲ್ಲಿ (ನೂರು ಕೋಟಿಯಲ್ಲಿ ಇಷ್ಟು ಪಾಲು) ತೋರಿಸುವ ಮಾದರಿ ಇದೆ. ಅದರ ಅಂಕಿಯನ್ನು 3.066ರಿಂದ ಗುಣಿಸಿ 1000ದಿಂದ ಭಾಗಿಸಿದರೆ ಫಾಸ್ಫೇಟ್ ಪಿಪಿಎಂ. 20 ತೋರಿಸಿದರೆ 0.06, ಗಾಬರಿ ಬೇಡ.

ಊರಿಗೆ ಹೋಗುವಾಗ

ನಮ್ಮಂಥವರು ಊರಿಗೆ ಹೋದರೆ ಎರಡು ದಿನಕ್ಕೆ ಹೋಗಿಬರುವುದಿಲ್ಲ, ಮೂರು ನಾಲ್ಕು ವಾರ ಬೇಕೇಬೇಕು. ಹೊರಡುವ ಹಿಂದಿನ ಎರಡು ವಾರ ಟ್ಯಾಂಕಿನಲ್ಲಿ ಹೊಸದೇನೂ ಮಾಡಬೇಡಿ. ಹೊಸ ಹವಳ, ಹೊಸ ದೀಪ, ಹೊಸ ಉಪ್ಪು ಯಾವುದೂ ಬೇಡ. ಡೋಸಿಂಗ್ ಪಂಪಿನಿಂದ ಒಂದು ದಿನದ ಪಾಲನ್ನು ಅಳತೆ ಲೋಟಕ್ಕೆ ಬಿಡಿಸಿ, 19 ಅಂದರೆ 19 ಬರುತ್ತಿದೆಯಾ ನೋಡಿ. ಪಂಪಿನ ಕೊಳವೆ ಸವೆದಂತೆ ಕಡಿಮೆ ಬರಲು ಶುರುವಾಗುತ್ತದೆ. ದಿನಕ್ಕೆ 19 ಎಂಎಲ್ ಅಂದರೆ ನಾಲ್ಕು ವಾರಕ್ಕೆ ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿ, ಒಂದು ಲೀಟರ್ ಬಾಟಲಿ ಸಾಕು. ಸುಣ್ಣದ ತಿಳಿ ಬಳಸುವವರು ಆ ದಿನಗಳಿಗೆ ಟಾಪ್ ಆಫ್ ಡಬ್ಬದಲ್ಲಿ ಬರೀ ಆರ್‌ಓ ನೀರು ಇಡಿ, ಆಲ್ಕಲಿನಿಟಿಯನ್ನು ಪಂಪಿಗೆ ಬಿಡಿ.

ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟರೆ ಮೀನಿನ ಊಟವನ್ನು ವಾರದ ಮಾತ್ರೆ ಡಬ್ಬಿಯಲ್ಲಿ ದಿನದ ಪಾಲು ಮಾಡಿ ಕೊಡಿ, ಉಳಿದ ಡಬ್ಬ ಬಚ್ಚಿಡಿ. ಪ್ರೀತಿಯಿಂದ ಜಾಸ್ತಿ ಹಾಕುತ್ತಾರೆ. ಟಾಪ್ ಆಫ್ ಡಬ್ಬಕ್ಕೆ ಯಾವ ಕ್ಯಾನಿನ ನೀರು ಅಂತ ಕ್ಯಾನಿನ ಮೇಲೇ ದೊಡ್ಡದಾಗಿ ಬರೆಯಿರಿ. ಉಪ್ಪುನೀರಿನ ಕ್ಯಾನನ್ನು ಗ್ಯಾರೇಜಿಗೆ ಸಾಗಿಸಿ. ಸೋಡ, ಕ್ಯಾಲ್ಸಿಯಂ ಬಾಟಲಿ ಮುಟ್ಟಬೇಡಿ ಅಂತ ಚೀಟಿ ಅಂಟಿಸಿ.

ವಾಪಸ್ ಬಂದ ದಿನ ಮೊದಲು ಉಪ್ಪಿನಂಶ ಅಳೆಯಿರಿ, ಆಮೇಲೆ ಆಲ್ಕಲಿನಿಟಿ. ಕ್ಯಾಲ್ಸಿಯಂ ಮರುದಿನ ನೋಡಿದರಾಯಿತು. ಆಲ್ಕಲಿನಿಟಿ 7ಕ್ಕೆ ಬಂದಿದ್ದರೆ ಪಂಪಿನ ಅಳತೆ ಸರಿಮಾಡಿ, ದಿನದ ಪಾಲಿನ ಮೇಲೆ 19 ಎಂಎಲ್ ಹೆಚ್ಚಿಗೆ ಸೇರಿಸುತ್ತಾ ಮೂರು ದಿನದಲ್ಲಿ 8.5ಕ್ಕೆ ತನ್ನಿ. 10ಕ್ಕೆ ಏರಿದ್ದರೆ ಏನೂ ಹಾಕಬೇಡಿ, ಪಂಪ್ ನಿಲ್ಲಿಸಿ, ಹವಳವೇ ತಿಂದು ಇಳಿಸುತ್ತದೆ. 8.5ಕ್ಕೆ ಬಂದ ದಿನ ಪಂಪ್ ಮತ್ತೆ ಹಾಕಿ.